ಶುಭಸಂದೇಶದೊಳಗೆ ಹೋಗಿ ಕೂರುವುದು: ಕಲ್ಪನೆಯ ಧ್ಯಾನ ಮತ್ತು ಪ್ರಾರ್ಥನಾ ಡೈರಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಬಂತೆಂದರೆ ನಮ್ಮ ಧರ್ಮಕೇಂದ್ರದಲ್ಲಿ (ಚರ್ಚಿನಲ್ಲಿ) ಹತ್ತು ಹನ್ನೆರಡು ಮಂದಿ ಸಂಜೆ ಹೊತ್ತು ಸೇರಿ ಶುಭಸಂದೇಶದ, ಅಂದರೆ ಯೇಸುವಿನ ಜೀವನ ಹೇಳುವ ಬೈಬಲ್ ಪುಸ್ತಕಗಳ, ಒಂದೊಂದೇ ಘಟನೆಯನ್ನು ಧ್ಯಾನಿಸುತ್ತೇವೆ. ಮನೆಗೆ ಹೋಗುವ ಮುಂಚೆ ಎಲ್ಲರೂ ತಂತಮ್ಮ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯುತ್ತೇವೆ. ಹೊಸಬರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಪ್ರತಿ ವರ್ಷವೂ ಇವೇ. ನಾನು ದೇವಶಾಸ್ತ್ರ ಓದಿದವಳಲ್ಲ. ಈ ಪ್ರಾರ್ಥನೆಯಿಂದ ನನಗೆ ಸಿಕ್ಕಿದ್ದು ಬಹಳ, ಅದಕ್ಕಾಗಿ ಬರೆಯುತ್ತಿದ್ದೇನೆ.

ದಿನಾ ಬೈಬಲ್ ಓದುತ್ತೇನೆ. ಇದು ಅದಕ್ಕಿಂತ ಬೇರೆ ಹೇಗೆ?

ಓದುವಾಗ ನಾವು ಅರ್ಥ ಹುಡುಕುತ್ತೇವೆ. ಈ ವಾಕ್ಯ ನನಗೇನು ಕಲಿಸುತ್ತದೆ ಎಂದು ಕೇಳುತ್ತೇವೆ, ಒಂದು ಪಾಠ ಸಿಕ್ಕ ಕೂಡಲೇ ಪುಸ್ತಕ ಮುಚ್ಚುತ್ತೇವೆ. ಇಲ್ಲಿ ಆ ಅವಸರ ಬೇಡ. ಘಟನೆ ನಡೆದ ಜಾಗಕ್ಕೆ ನಾವೇ ಹೋಗಿ ನಿಲ್ಲುತ್ತೇವೆ. ಯಾರು ಎಲ್ಲಿ ಕೂತಿದ್ದಾರೆ, ಗಾಳಿ ಹೇಗಿದೆ, ಯೇಸುಸ್ವಾಮಿ ಯಾರ ಕಡೆ ತಿರುಗಿದ್ದಾರೆ ಎಂದು ನೋಡುತ್ತೇವೆ. ಕೊನೆಗೆ ಅವರ ಹತ್ತಿರ ಮಾತಾಡುತ್ತೇವೆ. ಪಾಠ ಸಿಗಲಿಲ್ಲವೆಂದರೂ ಆ ಅರ್ಧ ಗಂಟೆ ಅವರ ಜೊತೆ ಕಳೆದದ್ದೇ ಆಗಿರುತ್ತದೆ.

‘ಹೆಚ್ಚು ತಿಳಿದುಕೊಳ್ಳುವುದರಿಂದ ಆತ್ಮಕ್ಕೆ ತೃಪ್ತಿಯಾಗುವುದಿಲ್ಲ, ಒಳಗಿನಿಂದ ಅನುಭವಿಸಿ ಸವಿಯುವುದರಿಂದ ಆಗುತ್ತದೆ’ ಎಂಬರ್ಥದ ಮಾತನ್ನು ಹದಿನಾರನೇ ಶತಮಾನದ ಸ್ಪೇನಿನ ಸಂತ ಇಗ್ನೇಷಿಯಸ್ ಲೊಯೋಲ ತಮ್ಮ ‘ಆಧ್ಯಾತ್ಮಿಕ ಸಾಧನೆಗಳು’ ಪುಸ್ತಕದ ಆರಂಭದಲ್ಲೇ ಹೇಳಿದ್ದಾರೆ.

ಈ ಪದ್ಧತಿ ಶುರುವಾದದ್ದು ಇಗ್ನೇಷಿಯಸ್ ಅವರಿಂದಲೇ?

ಅಲ್ಲ, ಅವರಿಗಿಂತ ಹಿಂದೆಯೂ ಇತ್ತು. 1223ರ ಕ್ರಿಸ್ಮಸ್‌ಗೆ ಇಟಲಿಯ ಗ್ರೆಚ್ಚೊ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ತುಂಬಿದ ಗೋದಲಿ, ಎತ್ತು, ಕತ್ತೆ ಇರಿಸಿ ಜನರನ್ನು ಸೇರಿಸಿದ್ದು ಇದೇ ಆಸೆಯಿಂದ. ಬೆತ್ಲೆಹೇಮನ್ನು ಕಣ್ಣಾರೆ ಕಾಣಬೇಕು ಎಂಬುದು ಅವರ ಆಸೆಯಾಗಿತ್ತು. ಆದರೆ ಇದಕ್ಕೊಂದು ಕ್ರಮ ಕೊಟ್ಟು ಸಾಮಾನ್ಯ ಜನರಿಗೂ ದಾಟಿಸಿದವರು ಇಗ್ನೇಷಿಯಸ್.

ಅವರ ಕಥೆ ಗೊತ್ತಿದ್ದರೆ ಈ ಪ್ರಾರ್ಥನೆ ಅರ್ಧ ಅರ್ಥವಾದಂತೆ. 1521ರ ಮೇ 20ರಂದು ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಬಡಿದು ಅವರ ಬಲಗಾಲು ಮುರಿಯಿತು. ಮೂಳೆ ಸೊಟ್ಟಗೆ ಕೂಡಿಕೊಂಡಿತೆಂದು ಮತ್ತೆ ಮುರಿದು ಕೂಡಿಸಿದರು. ಲೊಯೋಲದ ಮನೆಯಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದ ಆ ಸೈನಿಕ ಓದಲು ಕೇಳಿದ್ದು ವೀರರ ಪ್ರೇಮಕಥೆಗಳನ್ನು. ಮನೆಯಲ್ಲಿ ಅವು ಇರಲಿಲ್ಲ. ಸಿಕ್ಕಿದ್ದು ಕ್ರಿಸ್ತರ ಜೀವನ ಚರಿತ್ರೆ ಮತ್ತು ಸಂತರ ಕಥೆಗಳು. ಒಬ್ಬ ದೊಡ್ಡ ಮನೆತನದ ಹೆಣ್ಣಿನ ಮನಸ್ಸು ಗೆಲ್ಲಲು ಏನೇನು ಮಾಡಬಹುದೆಂದು ಮೂರು ನಾಲ್ಕು ಗಂಟೆ ಕನಸು ಕಾಣುತ್ತಿದ್ದವರು, ಫ್ರಾನ್ಸಿಸ್ ಮಾಡಿದ್ದನ್ನು ನಾನೂ ಮಾಡಿದರೆ ಹೇಗೆ ಎಂದು ಕನಸು ಕಾಣತೊಡಗಿದರು. ಎರಡೂ ಕನಸು ಆ ಹೊತ್ತಿಗೆ ಹಿತವಾಗಿಯೇ ಇದ್ದವು. ಆಮೇಲೆ ಮಾತ್ರ ವ್ಯತ್ಯಾಸ ಕಂಡಿತು. ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು, ಎರಡನೆಯದು ಮುಗಿದರೂ ಸಂತೋಷ ಉಳಿಯುತ್ತಿತ್ತು.

ಅವರು ಬರೆದೂ ಇಟ್ಟರು. ಹೊಳಪಿನ ಕಾಗದದ ಮೇಲೆ ಕ್ರಿಸ್ತರ ಮಾತುಗಳನ್ನು ಕೆಂಪು ಶಾಯಿಯಲ್ಲಿ, ಮಾತೆ ಮರಿಯಮ್ಮನವರ ಮಾತುಗಳನ್ನು ನೀಲಿ ಶಾಯಿಯಲ್ಲಿ, ಸುಮಾರು 300 ಹಾಳೆ ನಕಲು ಮಾಡಿಕೊಂಡರು. ಮರುವರ್ಷ ಮನ್ರೇಸಾ ಊರಿನಲ್ಲಿ ಸುಮಾರು ಹನ್ನೊಂದು ತಿಂಗಳು ಪ್ರಾರ್ಥನೆಯಲ್ಲಿ ಕಳೆದಾಗ ಬರೆದುಕೊಂಡ ಟಿಪ್ಪಣಿಗಳೇ ಬೆಳೆದು ‘ಆಧ್ಯಾತ್ಮಿಕ ಸಾಧನೆಗಳು’ ಆದವು. 1548ರಲ್ಲಿ ಮೂರನೇ ಪೌಲ್ ಜಗದ್ಗುರುಗಳು (ಪೋಪ್) ಅದಕ್ಕೆ ಮನ್ನಣೆ ಕೊಟ್ಟರು. ಧ್ಯಾನ ಮತ್ತು ಡೈರಿ ಎರಡೂ ಒಂದೇ ಹಾಸಿಗೆಯ ಪಕ್ಕದಲ್ಲಿ ಹುಟ್ಟಿದವು ಎಂದೇ ನಾನು ತಿಳಿದಿದ್ದೇನೆ.

ಬೈಬಲಿನಲ್ಲಿ ಇಲ್ಲದ್ದನ್ನು ಕಲ್ಪಿಸಿಕೊಳ್ಳುವುದು ತಪ್ಪಲ್ಲವೇ?

ಈ ಭಯ ಒಳ್ಳೆಯದೇ, ಇಟ್ಟುಕೊಳ್ಳಿ. ಆದರೆ ಒಂದು ಗಮನಿಸಿ. ಮರಿಯಮ್ಮನವರು ಕತ್ತೆಯ ಮೇಲೆ ಕೂತು ಬೆತ್ಲೆಹೇಮಿಗೆ ಹೋದರು ಎಂದು ಆ ಜನನದ ಕಥೆ ಹೇಳುವ ಶುಭಸಂದೇಶಕಾರ ಲೂಕ ಬರೆದಿಲ್ಲ. ನಮ್ಮ ಕ್ರಿಸ್ಮಸ್ ನಾಟಕಗಳಲ್ಲಿ ‘ಜಾಗ ಇಲ್ಲ ಹೋಗಿ’ ಎನ್ನುವ ಛತ್ರದ ಯಜಮಾನ ಕೂಡ ಅಲ್ಲಿಲ್ಲ. ನಾವು ಗೊತ್ತಿಲ್ಲದೆಯೇ ಕಲ್ಪಿಸಿಕೊಂಡಿದ್ದೇವೆ. ಇಗ್ನೇಷಿಯಸ್ ಗೊತ್ತಿದ್ದೇ ಮಾಡಿದರು: ಕತ್ತೆ, ಎತ್ತು, ಜೊತೆಗೊಬ್ಬ ಕೆಲಸದ ಹುಡುಗಿಯನ್ನೂ ಸೇರಿಸಿದರು. ದಾರಿ ಎಷ್ಟು ಉದ್ದ, ಸಮತಟ್ಟೋ ಕಣಿವೆಯೋ, ಗವಿ ದೊಡ್ಡದೋ ಚಿಕ್ಕದೋ, ಎತ್ತರವೋ ತಗ್ಗೋ ಎಂದು ನೋಡಲು ಹೇಳಿದರು. ನೀನೂ ಅಲ್ಲಿ ಒಬ್ಬ ಬಡ ಆಳಾಗಿ ನಿಂತು ಅವರಿಗೆ ಬೇಕಾದ್ದನ್ನು ಮಾಡಿಕೊಡು ಎಂದರು.

ನಾನು ಪಾಲಿಸುವುದು ಇಷ್ಟು. ಶುಭಸಂದೇಶ ಹೇಳಿರುವುದನ್ನು ಬದಲಿಸುವುದಿಲ್ಲ. ಅದು ಹೇಳದೆ ಬಿಟ್ಟ ಜಾಗದಲ್ಲಿ ಮನಸ್ಸು ಓಡಾಡಲಿ. ಆದರೆ ಅಲ್ಲಿ ಕಂಡದ್ದನ್ನು ‘ಹೀಗೇ ನಡೆಯಿತು’ ಎಂದು ಇನ್ನೊಬ್ಬರಿಗೆ ಹೇಳುವುದಿಲ್ಲ.

ಸರಿ, ಕೂತು ಏನು ಮಾಡಬೇಕು?

ಹಿಂದಿನ ರಾತ್ರಿಯೇ ಭಾಗವನ್ನು ಆರಿಸಿ ಒಮ್ಮೆ ಓದಿ ಮಲಗಿ. ಬೆಳಿಗ್ಗೆ ಫೋನ್ ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ. ಶಿಲುಬೆಯ ಗುರುತು ಹಾಕಿ, ಇವತ್ತು ನಿಮಗೆ ಬೇಕಾದ ವರ ಯಾವುದು ಎಂದು ಬಾಯಿ ಬಿಟ್ಟು ಕೇಳಿ. ಧೈರ್ಯವೋ, ಕ್ಷಮಿಸುವ ಮನಸ್ಸೋ, ಯೇಸುವನ್ನು ಇನ್ನಷ್ಟು ಹತ್ತಿರದಿಂದ ತಿಳಿಯುವುದೋ. ಭಾಗವನ್ನು ನಿಧಾನವಾಗಿ ಎರಡು ಸಲ ಓದಿ, ಪುಸ್ತಕ ಮಡಚಿ, ಕಣ್ಣು ಮುಚ್ಚಿ. ಮೊದಲು ಜಾಗ, ಆಮೇಲೆ ಜನ, ಅವರ ಮಾತು, ಅವರು ಮಾಡುತ್ತಿರುವುದು. ಆಮೇಲೆ ನೀವೆಲ್ಲಿದ್ದೀರಿ ಎಂದು ನೋಡಿ. ಕೊನೆಯ ಐದು ನಿಮಿಷ ಯೇಸುವಿನ ಜೊತೆ ಮಾತಿಗೆ. ‘ಪರಲೋಕದ ತಂದೆಯೇ’ ಹೇಳಿ ಮುಗಿಸಿ.

ಇಗ್ನೇಷಿಯಸ್ ಒಂದು ಗಂಟೆ ಎಂದಿದ್ದಾರೆ. ಮಕ್ಕಳನ್ನು ಶಾಲೆಗೆ ಕಳಿಸಬೇಕಾದವರಿಗೆ, ಏಳರ ಬಸ್ಸು ಹಿಡಿಯಬೇಕಾದವರಿಗೆ ಇಪ್ಪತ್ತು ನಿಮಿಷ ಸಾಕು.

ನನಗೆ ಕಣ್ಣು ಮುಚ್ಚಿದರೆ ಕತ್ತಲೆ ಬಿಟ್ಟು ಏನೂ ಕಾಣುವುದಿಲ್ಲ. ಈ ಪ್ರಾರ್ಥನೆ ನನಗಲ್ಲವೇ?

ನಿಮಗೇ. ಹದಿನಾರನೇ ಶತಮಾನದ ಸ್ಪೇನಿನ ಸನ್ಯಾಸಿನಿ, ಆವಿಲಾದ ಸಂತ ತೆರೇಸಾ ಅವರಿಗೂ ಕಲ್ಪನಾಶಕ್ತಿ ಬಹಳ ಕಡಿಮೆಯಿತ್ತು. ಕತ್ತಲೆಯಲ್ಲಿ ಒಬ್ಬರ ಜೊತೆ ಮಾತಾಡುತ್ತಿರುವ ಕುರುಡರಿಗೆ ಎದುರಿನವರು ಇದ್ದಾರೆಂದು ಗೊತ್ತಿರುತ್ತದೆ, ಕಾಣುವುದಿಲ್ಲ. ನನ್ನ ಸ್ಥಿತಿಯೂ ಹಾಗೇ ಎಂಬಂತೆ ಅವರು ತಮ್ಮ ಜೀವನ ವೃತ್ತಾಂತದಲ್ಲಿ ಬರೆದಿದ್ದಾರೆ. ಹಾಗಿದ್ದೂ ಸೆರೆಯಾಗುವ ಮುಂಚೆ ಗೆತ್ಸೆಮನೆ ತೋಟದಲ್ಲಿ ಒಬ್ಬರೇ ಇದ್ದ ಯೇಸುವಿನ ಪಕ್ಕದಲ್ಲಿ ಇರುವುದು ಅವರಿಗೆ ಬಹಳ ಇಷ್ಟವಾಗಿತ್ತು. ಸಂಕಟದಲ್ಲಿ ಅವರಿಗೆ ಸುರಿದ ಬೆವರನ್ನು ಒರೆಸಬೇಕು ಎನಿಸುತ್ತಿತ್ತಂತೆ.

ಕಣ್ಣು ಒಪ್ಪದಿದ್ದರೆ ಮೂಗು, ಕಿವಿ, ಕೈ ಇವೆ. ಯೊವಾನ್ನರ ಶುಭಸಂದೇಶದ 18ನೇ ಅಧ್ಯಾಯ ತೆಗೆಯಿರಿ. ಚಳಿಯ ರಾತ್ರಿ, ಪ್ರಧಾನ ಯಾಜಕನ ಅಂಗಳ, ಆಳುಗಳು ಇದ್ದಲ ಬೆಂಕಿ ಹಾಕಿದ್ದಾರೆ, ಯೇಸುವಿನ ಶಿಷ್ಯ ಪೇತ್ರ ಕೈ ಕಾಯಿಸುತ್ತ, ನೀನೂ ಅವರ ಶಿಷ್ಯನಲ್ಲವೇ ಎಂದವರಿಗೆ ‘ನಾನಲ್ಲ’ ಎನ್ನುತ್ತಾನೆ. ಈಗ 21ನೇ ಅಧ್ಯಾಯ. ಬೆಳಗಿನ ಜಾವ, ಕೆರೆಯ ದಡ, ಅಲ್ಲೂ ಇದ್ದಲ ಬೆಂಕಿ. ಹಾಕಿದವರು ಈ ಸಲ ಯೇಸು. ಇದ್ದಲ ಬೆಂಕಿಗೆ ಅಲ್ಲಿರುವ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ನೀರಿನಿಂದ ಎದ್ದು ಬಂದ ಪೇತ್ರನ ಮೂಗಿಗೆ ಮೊದಲು ಬಡಿದದ್ದು ಯಾವ ವಾಸನೆ, ಅದು ಅವನಿಗೆ ಯಾವ ರಾತ್ರಿಯನ್ನು ನೆನಪಿಸಿತು? ಚಿತ್ರವೇ ಬೇಡ, ಆ ಹೊಗೆ ಸಾಕು. ನಮ್ಮ ಗುಂಪಿನಲ್ಲಿ ಈ ಎರಡು ಭಾಗಗಳನ್ನು ಒಟ್ಟಿಗೆ ಧ್ಯಾನಿಸಿದ ಸಂಜೆ ಯಾರೂ ಬೇಗ ಎದ್ದು ಹೋಗಲಿಲ್ಲ.

ಗಲಿಲೇಯ ಎಂದರೆ ನನ್ನ ಕಣ್ಣಿಗೆ ಮಲ್ಪೆ ಬಂದರೇ ಬರುತ್ತದೆ. ಪರವಾಗಿಲ್ಲವೇ?

ಧಾರಾಳವಾಗಿ ಬರಲಿ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡಿದ್ದೀರಾ? ಇಟಲಿಯಿಂದ ಬಂದ, ಇಗ್ನೇಷಿಯಸ್ ಸ್ಥಾಪಿಸಿದ ಯೇಸುಸಭೆಯ (ಜೆಸ್ವಿಟ್) ಸಹೋದರ ಅಂತೋನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಅದರ ಗೋಡೆ, ಛಾವಣಿಗಳ ಮೇಲೆಲ್ಲ ಚಿತ್ರ ಬರೆದರು. ಆ ಮುಖಗಳಲ್ಲಿ ಯುರೋಪಿನ ಛಾಯೆ ಎದ್ದು ಕಾಣುತ್ತದೆ. ತಾವು ಕಂಡ ಮುಖಗಳಿಂದಲೇ ಅವರೂ ಯೇಸುವಿನ ಬಳಿ ಹೋದರು. ನಿಮಗೆ ಮೀನುಗಾರ ಎಂದರೆ ಮಲ್ಪೆಯವರು ನೆನಪಾದರೆ ಅದರಲ್ಲಿ ಕುಂದೇನಿಲ್ಲ.

ಆದರೂ ನಿಜವಾದ ಜಾಗದ ಬಗ್ಗೆ ಸ್ವಲ್ಪ ತಿಳಿದಿದ್ದರೆ ಓದಿದ ಸಾಲು ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಗಲಿಲೇಯ ‘ಸಮುದ್ರ’ ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿ.ಮೀ., ಅಗಲ 13 ಕಿ.ಮೀ. ಸಮುದ್ರ ಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ, ಸುತ್ತ ಗುಡ್ಡಗಳು, ಅದಕ್ಕೇ ಅಲ್ಲಿ ಗಾಳಿ ಇದ್ದಕ್ಕಿದ್ದಂತೆ ಏಳುತ್ತದೆ. 1986ರಲ್ಲಿ ಬರಗಾಲಕ್ಕೆ ನೀರು ಇಳಿದಾಗ ಕೆಸರಿನಲ್ಲಿ ಯೇಸುವಿನ ಕಾಲದ ಹತ್ತಿರಹತ್ತಿರದ ಒಂದು ದೋಣಿ ಸಿಕ್ಕಿತು. ಉದ್ದ ಸುಮಾರು 8 ಮೀಟರ್, ಅಗಲ 2.3 ಮೀಟರ್. ಮನೆಯ ಹಾಲಿನಲ್ಲಿ ಅಷ್ಟಗಲ ಅಳೆದು ನೋಡಿ. ಅಂಥ ದೋಣಿಯಲ್ಲಿ ಯೇಸು ಮತ್ತು ಹನ್ನೆರಡು ಶಿಷ್ಯರು ಸೇರಿ ಹದಿಮೂರು ಮಂದಿ ಇದ್ದರೆ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗದೆ ಇರುವುದಿಲ್ಲ. ಬಿರುಗಾಳಿಯ ನಡುವೆ ಯೇಸು ದೋಣಿಯಲ್ಲಿ ಮಲಗಿದ್ದರು ಎಂದು ಮಾರ್ಕ ಬರೆಯುತ್ತಾರೆ, ಎಂದರೆ ನಿಮ್ಮ ಕಾಲ ಬುಡದಲ್ಲೇ ಮಲಗಿದ್ದರು.

ಡೈರಿಯಲ್ಲಿ ಏನು ಬರೆಯಬೇಕು? ಧ್ಯಾನ ಮಾಡುತ್ತಲೇ ಬರೆಯಬಹುದೇ?

ಮಾಡುತ್ತಲೇ ಬರೆಯಬೇಡಿ. ಪೆನ್ನು ಕೈಯಲ್ಲಿದ್ದರೆ ಮನಸ್ಸು ವಾಕ್ಯ ಜೋಡಿಸಲು ಹೊರಟುಬಿಡುತ್ತದೆ. ಧ್ಯಾನ ಮುಗಿದ ಮೇಲೆ ಕಾಲು ಗಂಟೆ, ಕೂತೋ ಅಡ್ಡಾಡುತ್ತಲೋ, ಅದು ಹೇಗೆ ನಡೆಯಿತೆಂದು ಹಿಂತಿರುಗಿ ನೋಡಬೇಕೆಂದು ಇಗ್ನೇಷಿಯಸ್ ಹೇಳಿದ್ದಾರೆ. ಡೈರಿಯ ಹೊತ್ತು ಅದೇ.

ತಾರೀಖು, ಬೈಬಲ್ ಭಾಗ, ನಾನೆಲ್ಲಿದ್ದೆ, ಎಲ್ಲಿ ಮನಸ್ಸು ತುಂಬಿತು, ಎಲ್ಲಿ ಹಿಂದೆ ಸರಿಯಿತು, ನಾನು ಏನು ಹೇಳಿದೆ, ಏನು ಕೇಳಿಸಿದಂತಾಯಿತು. ಇಷ್ಟೇ. ಚಂದದ ಪ್ರಬೋಧನೆ ಬರೆಯಲು ಹೋಗಬೇಡಿ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಾನು ಬರೆದ ಒಂದು ಪುಟ ಹೀಗಿದೆ:

‘ಮಾರ್ಕ 4, ಬಿರುಗಾಳಿ. ನಾನು ದೋಣಿಯ ನಡುವೆ ಇದ್ದೆ. ಸ್ಟೀಲ್ ಚೊಂಬಿನಲ್ಲಿ ನೀರು ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಿದ್ದೆ. ಅವರು ಮಲಗಿದ್ದರು. ದಿಂಬು ಒದ್ದೆಯಾಗಿತ್ತು. ಎಬ್ಬಿಸಲಿಲ್ಲ. ಯಾಕೆ? ಸಿಟ್ಟು. ನೀವೇ ಏಳಿ, ನಾನು ಕರೆಯುವುದಿಲ್ಲ ಅನ್ನುವ ಸಿಟ್ಟು.’

ಭಕ್ತಿಯ ಮಾತು ಅದರಲ್ಲಿ ಒಂದೂ ಇಲ್ಲ. ಆದರೆ ಆ ವಾರವಿಡೀ ನಾನು ಮಾಡಿದ ಪ್ರಾರ್ಥನೆಗಳಲ್ಲಿ ನಿಜವಾದದ್ದು ಅದೊಂದೇ.

ಒಂದೇ ಭಾಗಕ್ಕೆ ಮತ್ತೆ ಮತ್ತೆ ಹೋಗಬೇಕೇ? ದಿನಕ್ಕೊಂದು ಹೊಸದು ಬೇಡವೇ?

ಹೋಗಿ. ಈ ಪುಟದಲ್ಲಿ ನನಗೆ ಅತಿ ಮುಖ್ಯವೆನಿಸುವ ಉತ್ತರ ಇದು. ಎಲ್ಲಿ ಸಾಂತ್ವನ ಸಿಕ್ಕಿತೋ, ಎಲ್ಲಿ ಬೇಸರ ಅಥವಾ ಅಡ್ಡಿ ಎದುರಾಯಿತೋ, ಆ ಬಿಂದುವಿಗೇ ಮರಳಿ ಹೋಗಿ ಅಲ್ಲಿ ನಿಲ್ಲಲು ಇಗ್ನೇಷಿಯಸ್ ಹೇಳುತ್ತಾರೆ. ಎಲ್ಲಿಗೆ ಮರಳಬೇಕು ಎಂಬುದು ಡೈರಿಯಲ್ಲಿ ಇರುತ್ತದೆ. ಬರೆಯದಿದ್ದರೆ ನಮಗೆ ಒಗ್ಗದ ಜಾಗವನ್ನು ಮನಸ್ಸು ಮರುದಿನವೇ ಮರೆಸಿಬಿಡುತ್ತದೆ.

ಆ ಬಿರುಗಾಳಿಗೆ ನಾನು ಮೂರು ದಿನ ಮರಳಿದೆ. ಎರಡನೆಯ ದಿನ ಚೊಂಬು ಎಸೆದು ಅವರ ಭುಜ ಹಿಡಿದು ಅಲ್ಲಾಡಿಸಿದೆ. ‘ನೀನು ಮಲಗಿದ್ದೀಯಲ್ಲ’ ಎಂದು ಬರೆದ ಕಡೆ ಪೆನ್ನು ಹಾಳೆಯನ್ನು ಹರಿದಿದೆ. ಮೂರನೆಯ ದಿನ ಓದುವಾಗ, ಅದುವರೆಗೆ ಎಷ್ಟೋ ಸಲ ಕೇಳಿದ್ದ ಭಾಗದಲ್ಲಿ ಒಂದು ಸಾಲು ಮೊದಲ ಬಾರಿ ಕಣ್ಣಿಗೆ ಬಿತ್ತು: ಬೇರೆ ದೋಣಿಗಳೂ ಅವರ ಜೊತೆ ಇದ್ದವು. ಅವತ್ತು ಧ್ಯಾನದಲ್ಲಿ ಕತ್ತಲೆಯ ನೀರಿನ ಮೇಲೆ ಆ ದೋಣಿಗಳನ್ನು ನೋಡಿದೆ. ಅವುಗಳಲ್ಲಿ ಇದ್ದವರು ವಾರ್ಡಿನ ಹೊರಗೆ ಕಾರಿಡಾರಿನಲ್ಲಿ ಚಾಪೆ ಹಾಸಿ ಮಲಗುತ್ತಿದ್ದ ಜನ. ಹತ್ತು ದಿನದಿಂದ ಅವರನ್ನು ದಾಟಿಕೊಂಡೇ ಓಡಾಡುತ್ತಿದ್ದೆ, ಒಬ್ಬರ ಹೆಸರೂ ಕೇಳಿರಲಿಲ್ಲ. ಅವತ್ತು ಬೆಳಿಗ್ಗೆ ಫ್ಲಾಸ್ಕಿನಲ್ಲಿ ಒಂದು ಲೋಟ ಕಾಫಿ ಹೆಚ್ಚು ತೆಗೆದುಕೊಂಡು ಹೋದೆ.

ಯೇಸುವಿಗೆ ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ?

ಇದು ನಮ್ಮಂಥ ಭಾಷೆಯವರಿಗೆ ಬರುವ ಪ್ರಶ್ನೆ. ಕಥೋಲಿಕರ ಕನ್ನಡ ಪ್ರಾರ್ಥನೆಯಲ್ಲಿ ‘ನಿಮ್ಮ ನಾಮ ಪೂಜಿತವಾಗಲಿ’ ಎನ್ನುತ್ತೇವೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ‘ನಿನ್ನ ನಾಮ’. ಎರಡರಲ್ಲೂ ಗೌರವವಿದೆ. ಈ ಸಂಭಾಷಣೆ ಗೆಳೆಯನು ಗೆಳೆಯನೊಡನೆ ಆಡುವಂತೆ, ಆಳು ಒಡೆಯನೊಡನೆ ಆಡುವಂತೆ ಇರಲಿ ಎಂದು ಇಗ್ನೇಷಿಯಸ್ ಎರಡನ್ನೂ ಬಿಟ್ಟುಕೊಟ್ಟಿದ್ದಾರೆ. ನಿಮ್ಮ ಬಾಯಿಗೆ ಬಂದದ್ದನ್ನು ತಿದ್ದಬೇಡಿ. ಮೇಲಿನ ನನ್ನ ಪುಟಗಳಲ್ಲಿ ಮೊದಲ ದಿನದ ‘ನೀವು’ ಎರಡನೆಯ ದಿನ ‘ನೀನು’ ಆದದ್ದನ್ನು ಬಹಳ ದಿನಗಳ ಮೇಲೆ ಓದುವಾಗ ಗಮನಿಸಿದೆ. ನಾನು ಹತ್ತಿರ ಹೋದದ್ದು ಆ ರಾತ್ರಿ.

ಮನೆಯಲ್ಲಿ ಕೊಂಕಣಿ, ತುಳು, ತಮಿಳು ಆಡುವವರು ಆ ಭಾಷೆಯಲ್ಲೇ ಮಾತಾಡಿ. ಅಮ್ಮನ ಹತ್ತಿರ ಯಾವ ಭಾಷೆಯಲ್ಲಿ ಅಳುತ್ತಿದ್ದಿರೋ ಆ ಭಾಷೆಯಲ್ಲಿ.

ಧ್ಯಾನದಲ್ಲಿ ಯೇಸು ಹೇಳಿದ್ದು ನಿಜವಾಗಿ ಅವರ ಮಾತೋ, ನನ್ನದೇ ಮನಸ್ಸೋ?

ಹೆಚ್ಚಿನ ಸಲ ನಿಮ್ಮ ಮನಸ್ಸು, ಪವಿತ್ರಾತ್ಮರು ಅದರೊಳಗೆ ಕೆಲಸ ಮಾಡಲು ಬಿಟ್ಟ ಮನಸ್ಸು. ಅದನ್ನು ದೇವವಾಕ್ಯದ ಮಟ್ಟಕ್ಕೆ ಏರಿಸಬೇಡಿ. ಶುಭಸಂದೇಶದ ಯೇಸು ಆಡದಂಥ ಮಾತಾಗಿದ್ದರೆ, ಯಾರನ್ನೋ ದ್ವೇಷಿಸಲು ಹೇಳಿದರೆ, ನಿಮ್ಮನ್ನು ತುಳಿದು ಹತಾಶೆಗೆ ದೂಡಿದರೆ, ಅದು ಅವರದಲ್ಲ. ಹಾಸಿಗೆಯಲ್ಲಿದ್ದ ಇಗ್ನೇಷಿಯಸ್ ಮಾಡಿದ ಪರೀಕ್ಷೆಯನ್ನೇ ಮಾಡಿ: ಸಂಜೆಗೆ, ಮರುದಿನಕ್ಕೆ ಏನು ಉಳಿಯಿತು? ಕೆಲಸ ಬಿಡುವುದು, ಮದುವೆ, ಆಸ್ತಿಯಂಥ ದೊಡ್ಡ ನಿರ್ಧಾರವನ್ನು ಒಂದು ಧ್ಯಾನದ ಮೇಲೆ ಕಟ್ಟಬೇಡಿ. ಅನುಭವವಿರುವ ಗುರುಗಳೋ ಸಿಸ್ಟರೋ ಒಬ್ಬರಿಗೆ ಡೈರಿಯ ಆ ಪುಟ ಓದಿ ಹೇಳಿ.

ವಾರಗಟ್ಟಲೆ ಏನೂ ಅನಿಸುವುದಿಲ್ಲ. ನಿಲ್ಲಿಸಲೇ?

ಬೇಡ. ಮನಸ್ಸು ಒಣಗಿದ ಕಾಲದಲ್ಲಿ ಹಿಂದೆ ಮಾಡಿದ ಒಳ್ಳೆಯ ನಿರ್ಧಾರವನ್ನು ಬದಲಿಸಬೇಡ ಎಂಬುದು ಇಗ್ನೇಷಿಯಸ್ ಹಾಕಿಕೊಟ್ಟ ನಿಯಮ. ಆ ದಿನಗಳಲ್ಲಿ ‘ಇವತ್ತು ಏನೂ ಇಲ್ಲ’ ಎಂದು ತಾರೀಖು ಹಾಕಿ ಬರೆಯಿರಿ, ಹಳೆಯ ಪುಟಗಳನ್ನು ಓದಿ. ಆದರೆ ಊಟ, ನಿದ್ದೆ, ಬದುಕುವ ಆಸೆಯೇ ಹೋಗಿದ್ದರೆ ಅದನ್ನು ಪ್ರಾರ್ಥನೆಯ ಬರ ಎಂದುಕೊಂಡು ಕೂರಬೇಡಿ, ವೈದ್ಯರ ಬಳಿ ಹೋಗಿ.

ಶಿಲುಬೆಯ ಯಾತನೆಯ ಭಾಗ ನನಗೆ ಸಹಿಸಲಾಗುವುದಿಲ್ಲ.

ಹೊಡೆತ ತಿಂದು ಬೆಳೆದವರಿಗೆ, ಹಿಂಸೆ ಕಂಡವರಿಗೆ ಆ ದೃಶ್ಯಗಳು ಹಳೆಯ ಗಾಯವನ್ನು ಕೆದಕುತ್ತವೆ. ಒತ್ತಾಯ ಮಾಡಿಕೊಳ್ಳಬೇಡಿ. ದೂರದಲ್ಲಿ ನಿಂತು ನೋಡುತ್ತಿದ್ದ ಹೆಂಗಸರ ಬಗ್ಗೆ ಮಾರ್ಕ ಬರೆದಿದ್ದಾರೆ. ಅವರ ಜೊತೆ, ಅಷ್ಟು ದೂರದಲ್ಲೇ ನಿಲ್ಲಿ. ಅದೂ ಆಗದಿದ್ದರೆ ಬೇರೆ ಭಾಗಕ್ಕೆ ಹೋಗಿ.

ನಾವು ಪ್ರೊಟೆಸ್ಟೆಂಟರು. ಯೇಸುವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವುದು ವಿಗ್ರಹ ಮಾಡಿದಂತಾಗದೇ?

ಈ ಅಳುಕಿಗೆ ನಾನು ಗೌರವ ಕೊಡುತ್ತೇನೆ. ವಾಕ್ಯವು ಮಾಂಸಧಾರಿಯಾಗಿ ನಮ್ಮ ನಡುವೆ ವಾಸಿಸಿತು, ಅಂದರೆ ದೇವರೇ ಯೇಸುವಾಗಿ ಮನುಷ್ಯರಾದರು ಎಂಬ ನಂಬಿಕೆಯೇ ಈ ಧ್ಯಾನದ ಆಧಾರ. ಯೇಸುವಿಗೆ ಕೈಯಿತ್ತು, ದನಿಯಿತ್ತು, ನಡೆದು ನಡೆದು ಬಾವಿಕಟ್ಟೆಯ ಮೇಲೆ ಕೂರುವಷ್ಟು ದಣಿವಾಗುತ್ತಿತ್ತು. ಮುಖ ಚಿತ್ರಿಸಿಕೊಳ್ಳುವುದು ಒಪ್ಪಿಗೆಯಾಗದಿದ್ದರೆ ಬಿಡಿ. ದನಿ ಕೇಳಿ, ಅವರ ಎದುರಿಗಿರುವವರ ಮುಖ ನೋಡಿ, ಕೈಗಳು ಮಾಡುವುದನ್ನು ನೋಡಿ.

ಮನೆಯವರು ಡೈರಿ ಓದಿಬಿಟ್ಟರೆ?

ಒಂದೇ ಕೋಣೆಯಲ್ಲಿ ನಾಲ್ಕು ಮಂದಿ ಮಲಗುವ ಮನೆಗಳಲ್ಲಿ ಇದು ದೊಡ್ಡ ಚಿಂತೆ. ಹೆಸರುಗಳ ಬದಲು ಒಂದಕ್ಷರ ಹಾಕಿ. ಬರೆಯಲೇ ಆಗದ್ದನ್ನು ‘ಅದರ ಬಗ್ಗೆ ಮಾತಾಡಿದೆ’ ಎಂದಷ್ಟೇ ಬರೆಯಿರಿ. ಬೀರುವಿನ ಬೀಗ ಕೂಡ ಒಳ್ಳೆಯ ಉಪಾಯ. ಓದುತ್ತಾರೆಂಬ ಭಯಕ್ಕೆ ಸುಳ್ಳು ಬರೆಯುವುದಕ್ಕಿಂತ ಬರೆದು ಹರಿದುಹಾಕುವುದು ಮೇಲು.

ಮೊದಲ ದಿನಕ್ಕೆ ಯಾವ ಭಾಗ?

ಮಾರ್ಕ 10, 46ರಿಂದ 52. ಜೆರಿಕೋ ಊರಿನ ಹೊರಗೆ ದಾರಿ ಬದಿಯಲ್ಲಿ ಕೂತ ಕುರುಡ ಬಾರ್ತಿಮಾಯ. ಏಳೇ ವಚನ. ಗುಂಪು ಹೋಗುತ್ತಿದೆ, ಧೂಳು ಎದ್ದಿದೆ. ಕೂಗಬೇಡ ಎಂದು ಜನ ಗದರಿಸುತ್ತಾರೆ, ಅವನು ಇನ್ನೂ ಜೋರಾಗಿ ಕೂಗುತ್ತಾನೆ. ಯೇಸು ನಿಲ್ಲುತ್ತಾರೆ. ಅವನು ಮೇಲುಹೊದಿಕೆ ಬಿಸಾಡಿ ಎದ್ದು ಬರುತ್ತಾನೆ. ನೀವು ಗದರಿಸುವವರಲ್ಲಿ ಇದ್ದೀರೋ, ನೆಲದ ಮೇಲೆ ಕೂತಿದ್ದೀರೋ ನೋಡಿ. ಆಮೇಲೆ ಬಾರ್ತಿಮಾಯನ ಜಾಗದಲ್ಲಿ ನೀವು ನಿಂತು, ‘ನಾನು ನಿನಗೆ ಏನು ಮಾಡಬೇಕು?’ ಎಂಬ ಅವರ ಪ್ರಶ್ನೆ ಕೇಳಿಸಿಕೊಳ್ಳಿ. ಬಾಯಿಗೆ ಮೊದಲು ಬಂದ ಉತ್ತರ ಹೇಳಿ. ಅವರು ಇನ್ನೂ ಅಲ್ಲೇ ನಿಂತಿರುತ್ತಾರೆ. ಎರಡನೆಯ ಉತ್ತರವನ್ನೂ ಹೇಳಿ, ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಾರೀಖಿನೊಡನೆ ಬರೆದಿಡಿ.